ಕಾಯಿಲ್ ತಣ್ಣಗೆ, ಕಬ್ಬಿಣ ಕೆಂಪಗೆ

ಪೀಣ್ಯದ ನಮ್ಮ ಶೆಡ್ಡಿಗೆ ಹೊಸಬರು ಯಾರೇ ಬರಲಿ, ಮೆಷಿನ್ ಮುಂದೆ ಎರಡು ನಿಮಿಷ ನಿಂತ ಮೇಲೆ ಕೇಳುವುದು ಒಂದೇ ಪ್ರಶ್ನೆ: "ಒಳಗಿರೋ ಉಕ್ಕು ಕೆಂಡ ಆಗೋಗಿದೆ, ಸುತ್ತ ಇರೋ ತಾಮ್ರ ಯಾಕ್ ಸಾರ್ ಹಂಗೇ ಇದೆ?" ಕೇಳಬೇಕಾದ ಪ್ರಶ್ನೆಯೇ. ಬೆಂಕಿ ಇಲ್ಲ, ಹೊಗೆ ಇಲ್ಲ, ತಾಮ್ರ ಉಕ್ಕನ್ನು ಮುಟ್ಟಿಯೂ ಇಲ್ಲ. ನಡುವೆ ಎರಡು ಮೂರು ಮಿಲಿಮೀಟರ್ ಗಾಳಿ ಅಷ್ಟೆ. ಸ್ವಿಚ್ ಒತ್ತಿದ ಐದಾರು ಸೆಕೆಂಡಿನಲ್ಲಿ ಹೆಬ್ಬೆರಳು ದಪ್ಪದ ಶಾಫ್ಟು ಮೊದಲು ಮಾಸಲು ಕೆಂಪು, ಆಮೇಲೆ ಕಡುಗೆಂಪು, ಆಮೇಲೆ ಕಿತ್ತಳೆ. ಕರೆಂಟು ನಿಲ್ಲಿಸಿ ಶಾಫ್ಟನ್ನು ಕೆಳಗಿಳಿಸಿದರೆ, ಅದನ್ನು ಬಳಸಿ ನಿಂತಿದ್ದ ತಾಮ್ರದ ಬಳೆಯನ್ನು ಬರಿಗೈಯಲ್ಲಿ ಮುಟ್ಟಬಹುದು.

ಆ ಬಳೆ ಮಾಡುವುದೇ ನನ್ನ ಕಸುಬು. ಇಂಡಕ್ಷನ್ ಹೀಟಿಂಗ್ ಮೆಷಿನ್‌ಗಳಿಗೆ ಕಾಯಿಲ್ ಮಾಡಿಕೊಡುವ ಸಣ್ಣ ವರ್ಕ್‌ಶಾಪ್ ನಮ್ಮದು. ಮೆಷಿನ್ ಲಕ್ಷಗಟ್ಟಲೆ ಬೆಲೆಯದು, ದುಡ್ಡಿದ್ದರೆ ಎಲ್ಲಿಂದ ಬೇಕಾದರೂ ಬರುತ್ತದೆ. ಆದರೆ ಜಾಬ್‌ನ, ಅಂದರೆ ಕಾಯಿಸುವ ತುಂಡಿನ, ಯಾವ ಜಾಗ, ಎಷ್ಟು ಅಗಲ, ಎಷ್ಟು ಆಳ ಕಾಯಬೇಕು ಎಂಬುದು ಕಡೆಗೆ ತೀರ್ಮಾನವಾಗುವುದು ಕೊಳವೆ ಬಗ್ಗಿಸಿದ ರೀತಿಯಲ್ಲಿ. ಮೆಷಿನ್ ಮಾರುವವರು ಇದನ್ನು ಒಪ್ಪುವುದಿಲ್ಲ. ಹಾರ್ಡನಿಂಗ್, ಅಂದರೆ ಉಕ್ಕನ್ನು ಗಡುಸು ಮಾಡುವ ಕೆಲಸದ ಆಪರೇಟರುಗಳು ಮಾತ್ರ ಯಾರೂ ಹೇಳಿಕೊಡದೆ ಒಪ್ಪಿಕೊಂಡಿದ್ದಾರೆ.

ಹೊಸಬರ ಪ್ರಶ್ನೆಗೆ ಉತ್ತರ ಹೀಗಿದೆ. ಬಿಸಿಲಲ್ಲಿ ಕೂತವನ ಮೈಯೂ ಬಿಸಿಯಾಗುತ್ತದೆ, ಜ್ವರ ಬಂದವನ ಮೈಯೂ ಬಿಸಿಯಾಗುತ್ತದೆ. ಮೊದಲನೆಯದು ಹೊರಗಿಂದ ಬಂದದ್ದು, ಎರಡನೆಯದು ಒಳಗೇ ಹುಟ್ಟಿದ್ದು. ಕುಲುಮೆ, ಗ್ಯಾಸ್ ಫರ್ನೇಸ್, ಸೌದೆ ಒಲೆ ಇವೆಲ್ಲ ಬಿಸಿಲಿನ ಜಾತಿ. ಇಂಡಕ್ಷನ್ ಜ್ವರದ ಜಾತಿ. ಕಾಯಿಲ್ ಉಕ್ಕಿಗೆ ಬಿಸಿಯನ್ನು ಕೊಡುವುದೇ ಇಲ್ಲ. ಅದು ಕೊಡುವುದು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು. ಅಂಥ ಕ್ಷೇತ್ರದಲ್ಲಿ ಲೋಹ ಇಟ್ಟರೆ ಅದರೊಳಗೆ ತಾನಾಗಿ ಕರೆಂಟು ಹುಟ್ಟಿ ಸುಳಿಯಾಗಿ ಸುತ್ತುತ್ತದೆ. ಸುಳಿ ಪ್ರವಾಹ ಎಂದು ಶಾಲೆಯಲ್ಲಿ ಓದಿರುತ್ತೀರಿ. ಆ ಕರೆಂಟಿಗೆ ಹೊರಗೆ ಹೋಗಲು ದಾರಿಯಿಲ್ಲ. ಉಕ್ಕಿನ ತಡೆಗೆ ಎದುರಾಗಿ ಸುತ್ತಿ ಸುತ್ತಿ ಅಲ್ಲೇ ಶಾಖವಾಗಿ ಮುಗಿಯುತ್ತದೆ.

ತಾಮ್ರದಲ್ಲೂ ಕರೆಂಟು ಹರಿಯುತ್ತಿದೆಯಲ್ಲ? ಹರಿಯುತ್ತಿದೆ, ಹಾರ್ಡನಿಂಗ್ ಕಾಯಿಲ್‌ಗಳಲ್ಲಿ ಸಾವಿರಾರು ಆಂಪಿಯರ್. ಆದರೆ ತಣ್ಣನೆಯ ಉಕ್ಕಿನ ತಡೆ ತಾಮ್ರದ್ದಕ್ಕಿಂತ ಸುಮಾರು ಹತ್ತು ಪಟ್ಟು, ಕೆಂಪಗೆ ಕಾದ ಉಕ್ಕಿನದು ಅರವತ್ತು ಪಟ್ಟಿನ ಆಸುಪಾಸು. ಹೀಗಾಗಿ ಬಿಸಿಯ ದೊಡ್ಡ ಪಾಲು ಉಕ್ಕಿಗೆ, ಸಣ್ಣ ಪಾಲು ತಾಮ್ರಕ್ಕೆ. ಆ ಸಣ್ಣ ಪಾಲನ್ನು ಕೊಳವೆಯೊಳಗೆ ರಭಸವಾಗಿ ಓಡುವ ನೀರು ಹೊತ್ತುಕೊಂಡು ಹೋಗುತ್ತದೆ. ನೀರು ನಿಂತರೆ ಮುಗಿಯಿತು, ನೋಡನೋಡುತ್ತಲೇ ಕೊಳವೆ ತೂತು. ನಾನು ಕೆಲಸ ಕಲಿತ ಮೇಸ್ತ್ರಿ ಬೆಳಿಗ್ಗೆ "ಕಾಫಿ ಆಯ್ತೇನೋ" ಎನ್ನುವ ಮೊದಲು "ನೀರು ಬಿಟ್ಯೇನೋ" ಎಂದು ಕೇಳುತ್ತಿದ್ದರು.

ಈ ಇಂಡಕ್ಷನ್ನಿನ ಬೇರು ಲಂಡನ್ನಿನಲ್ಲಿದೆ. ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯಲ್ಲಿ ಕೆಲಸ ಕಲಿತ ಹುಡುಗ ಮೈಕೇಲ್ ಫ್ಯಾರಡೆ, ದೊಡ್ಡವನಾಗಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿದ್ದಾಗ, 1831ರ ಆಗಸ್ಟ್ 29ರಂದು ಒಂದು ಕಬ್ಬಿಣದ ಉಂಗುರದ ಎರಡು ಬದಿಗೆ ಎರಡು ಸುರುಳಿ ತಂತಿ ಸುತ್ತಿದ. ಒಂದಕ್ಕೆ ಬ್ಯಾಟರಿ ಜೋಡಿಸಿದ ಕ್ಷಣ, ಮತ್ತೆ ಕಿತ್ತ ಕ್ಷಣ, ಇನ್ನೊಂದಕ್ಕೆ ತಗುಲಿಸಿದ್ದ ಮಾಪಕದ ಮುಳ್ಳು ಅಲುಗಿತು. ಕರೆಂಟು ಒಂದೇ ಸಮನೆ ಹರಿಯುವಾಗ ಏನೂ ಇಲ್ಲ. ಬದಲಾವಣೆ ಇದ್ದಾಗ ಮಾತ್ರ. ನಮ್ಮ ಇಡೀ ಉದ್ಯಮ ನಿಂತಿರುವುದು ಈ 'ಮಾತ್ರ'ದ ಮೇಲೆ. 1855ರಲ್ಲಿ ಫ್ರಾನ್ಸಿನ ಫೂಕೋ, ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆ ತಿರುಗಿಸಿದರೆ ಅದು ಬಿಸಿಯಾಗುವುದನ್ನು ತೋರಿಸಿದ. ಆದರೆ ಬಹಳ ಕಾಲ ಈ ಬಿಸಿ ಎಂಜಿನಿಯರುಗಳಿಗೆ ಬೇಡದ ನೆಂಟ. ಟ್ರಾನ್ಸ್‌ಫಾರ್ಮರಿನ ಹೊಟ್ಟೆಯಲ್ಲಿ ಇಡಿಯಾದ ಕಬ್ಬಿಣ ಇಡದೆ, ತೆಳ್ಳನೆ ತಗಡುಗಳನ್ನು ಪೇರಿಸುವುದು ಸುಳಿ ಪ್ರವಾಹವನ್ನು ತುಂಡರಿಸಿ ಈ ಬಿಸಿ ತಪ್ಪಿಸುವುದಕ್ಕೇ. ಅದನ್ನೇ ಬೇಕೆಂದು ಕರೆದವರು ಕಡಿಮೆ. 1887ರಲ್ಲಿ ಇಂಗ್ಲೆಂಡಿನ ಫೆರಾಂಟಿ ಇಂಡಕ್ಷನ್ ಕುಲುಮೆಗೆ ಪೇಟೆಂಟ್ ಪಡೆದ. 1900ರಲ್ಲಿ ಸ್ವೀಡನ್ನಿನ ಯೀಸಿಂಗೆಯಲ್ಲಿ ಶೆಲ್ಲೀನ್ ಇಂಥ ಕುಲುಮೆಯಲ್ಲಿ ಉಕ್ಕು ಕರಗಿಸಿದ. 1916ರ ಸುಮಾರಿಗೆ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ನಾರ್ತ್ರಪ್, ನಡುವೆ ಕಬ್ಬಿಣದ ಕೋರ್ ಇಲ್ಲದ, ಹೆಚ್ಚು ಆವರ್ತನದ ಕುಲುಮೆ ಮಾಡಿದ. ಇಂದಿನ ಫೌಂಡ್ರಿಗಳಲ್ಲಿರುವುದು ಅದರ ಮೊಮ್ಮಕ್ಕಳು.

ಇನ್ನು ಆವರ್ತನದ ಮಾತು. ಈ ಕೆಲಸದ ಜೀವ ಇರುವುದು ಇಲ್ಲಿ, ಸ್ವಲ್ಪ ನಿಧಾನವಾಗಿ ಓದಿ.

ದಿಕ್ಕು ಬದಲಿಸುವ ಕರೆಂಟಿಗೆ ಒಂದು ಗುಣವಿದೆ: ಅದು ಲೋಹದ ಒಳಗೆಲ್ಲ ಸಮನಾಗಿ ಹರಿಯುವುದಿಲ್ಲ, ಮೇಲ್ಮೈಗೆ ಅಂಟಿಕೊಂಡು ಹರಿಯುತ್ತದೆ. ದಿಕ್ಕು ಬದಲಿಸುವ ವೇಗ ಹೆಚ್ಚಿದಷ್ಟೂ ಇನ್ನೂ ಮೇಲೆಯೇ ಉಳಿಯುತ್ತದೆ. ಕೆಂಪಗೆ ಕಾದ ಉಕ್ಕಿನಲ್ಲಿ ಸೆಕೆಂಡಿಗೆ 1,000 ಆವರ್ತನಕ್ಕೆ ಕರೆಂಟು ಸುಮಾರು 17 ಮಿಲಿಮೀಟರ್ ಆಳಕ್ಕೆ ಇಳಿಯುತ್ತದೆ. 10,000ಕ್ಕೆ ಐದೂವರೆ ಮಿಲಿಮೀಟರ್. ಒಂದು ಲಕ್ಷಕ್ಕೆ ಎರಡು ಮಿಲಿಮೀಟರೂ ಇಲ್ಲ. ಅಂದರೆ ಎಷ್ಟು ಆಳ ಕಾಯಬೇಕು ಎಂಬುದನ್ನು ಆವರ್ತನ ಆರಿಸಿಯೇ ಹೇಳಬಹುದು. ಫೋರ್ಜಿಂಗಿಗೆ ಉಕ್ಕಿನ ದಪ್ಪ ತುಂಡನ್ನು ನಡುವಿನತನಕ 1,200 ಡಿಗ್ರಿಗೆ ಕಾಯಿಸಬೇಕೇ, ಕಡಿಮೆ ಆವರ್ತನ. ಸಣ್ಣ ಪಿನ್ನಿನ ಸಿಪ್ಪೆಯಷ್ಟೇ ಕಾಯಬೇಕೇ, ಹೆಚ್ಚು ಆವರ್ತನ. ಬೆಂಕಿಗೆ ಈ ವಿವೇಚನೆ ಇಲ್ಲ.

ಇದೇ ಗುಣ ನನ್ನ ಕೊಳವೆಗೂ ಅನ್ವಯಿಸುತ್ತದೆ. 10,000 ಆವರ್ತನದಲ್ಲಿ ತಾಮ್ರದಲ್ಲಿ ಕರೆಂಟು ಹರಿಯುವುದು ಮುಕ್ಕಾಲು ಮಿಲಿಮೀಟರಿಗೂ ಕಡಿಮೆ ದಪ್ಪದ ಪದರದಲ್ಲಿ. ಇಡಿಯಾದ ತಾಮ್ರದ ಸರಳು ಹಾಕಿದರೂ ಅದರ ಹೊಟ್ಟೆ ಸುಮ್ಮನೆ ಕೂತಿರುತ್ತಿತ್ತು. ಆದ್ದರಿಂದ ಹೊಟ್ಟೆಯನ್ನು ಖಾಲಿ ಬಿಟ್ಟು ನೀರಿಗೆ ಕೊಟ್ಟರೆ ನಷ್ಟವೇನಿಲ್ಲ.

ಕಬ್ಬಿಣ ಕಾಯುವಾಗ ನಡುದಾರಿಯಲ್ಲಿ ಇನ್ನೊಂದು ವಿಷಯ ನಡೆಯುತ್ತದೆ. ತಣ್ಣಗಿರುವಾಗ ಅದು ಕಾಂತಕ್ಕೆ ಅಂಟುತ್ತದೆ; ಕ್ಷೇತ್ರ ದಿಕ್ಕು ಬದಲಿಸಿದಾಗಲೆಲ್ಲ ಅದರ ಒಳಗಿನ ಕಾಂತೀಯ ವಲಯಗಳೂ ತಿರುಗಬೇಕು, ಆ ತಿಕ್ಕಾಟದಿಂದಲೂ ಒಂದಿಷ್ಟು ಬಿಸಿ. ಸುಮಾರು 770 ಡಿಗ್ರಿಗೆ ಬಂದಾಗ ಕಬ್ಬಿಣ ಆ ಗುಣವನ್ನು ಕಳೆದುಕೊಳ್ಳುತ್ತದೆ. ಈ ಮಿತಿಯನ್ನು ಪಿಯರ್ ಕ್ಯೂರಿಯ ಹೆಸರಿನಿಂದ ಕರೆಯುತ್ತಾರೆ. ಮೇರಿ ಕ್ಯೂರಿಯ ಗಂಡ, ಅವನೇ. ಅಲ್ಲಿಂದ ಮುಂದೆ ಕರೆಂಟು ಒಮ್ಮೆಲೇ ಒಳಗಿಳಿಯುತ್ತದೆ, ಕಾಯುವ ವೇಗ ತಗ್ಗುತ್ತದೆ, ಪ್ಯಾನೆಲ್ಲಿನ ಮೀಟರು ಜಾಗ ಬದಲಿಸುತ್ತದೆ. ಹಳೆಯ ಆಪರೇಟರುಗಳು ಜಾಬ್‌ನ ಬಣ್ಣ ನೋಡದೆ ಮೆಷಿನ್ನಿನ ಗುಂಯ್‌ಗುಟ್ಟುವ ಸದ್ದು ಬದಲಾದದ್ದರಿಂದಲೇ ಇದನ್ನು ಹಿಡಿಯುತ್ತಾರೆ. ಆ ಸದ್ದಿಗೂ ಚರಿತ್ರೆಯಿದೆ: ಮೊದಲು ಮೋಟಾರಿನಿಂದ ಜನರೇಟರ್ ತಿರುಗಿಸುವ ಎಂ.ಜಿ. ಸೆಟ್ಟುಗಳ ಕೂಗು, ಹೆಚ್ಚು ಆವರ್ತನಕ್ಕೆ ರೇಡಿಯೋ ಸ್ಟೇಷನ್ನಿನಂಥ ದೊಡ್ಡ ವಾಲ್ವುಗಳು, ಆಮೇಲೆ ಥೈರಿಸ್ಟರ್, ಈಗ ಐ.ಜಿ.ಬಿ.ಟಿ. ಎಂಬ ಸಿಲಿಕಾನ್ ಸ್ವಿಚ್ಚು. ಬೀರುವಿನಷ್ಟಿದ್ದ ಪ್ಯಾನೆಲ್ ಈಗ ಟ್ರಂಕಿನಷ್ಟಾಗಿದೆ.

ಬೆಂಗಳೂರಿನ ಸುತ್ತಮುತ್ತ ನಮ್ಮ ಕಾಯಿಲ್‌ಗಳಿಗೆ ಹೆಚ್ಚಿನ ಕೆಲಸ ಬರುವುದು ಹಾರ್ಡನಿಂಗಿನಿಂದ. ಲಾರಿಯ ಆಕ್ಸೆಲ್ ಶಾಫ್ಟನ್ನು ತೆಗೆದುಕೊಳ್ಳಿ. ಮೇಲ್ಮೈ ಸವೆಯಬಾರದು, ಹಾಗಾಗಿ ಗಡುಸಾಗಿರಬೇಕು. ಆದರೆ ಇಡೀ ಶಾಫ್ಟು ಗಡುಸಾದರೆ ಗುಂಡಿಗೆ ಬಿದ್ದಾಗ ಪಟ್ಟನೆ ಮುರಿಯುತ್ತದೆ. ಒಳಗೆ ಬಾಗಿ ತಾಳುವ ಮೆದುತನವೂ ಬೇಕು. ಹಳ್ಳಿಯ ಕಮ್ಮಾರ ಮಚ್ಚಿಗೆ ಹದ ಹಾಕುವಾಗ ಬಾಯಿಯನ್ನಷ್ಟೇ ನೀರಿಗೆ ಅದ್ದುವುದು ಈ ಲೆಕ್ಕದಲ್ಲೇ. ನಾವು ಸಾಮಾನ್ಯವಾಗಿ ನೋಡುವುದು ಇ.ಎನ್. 8 ಜಾತಿಯ ಉಕ್ಕು, ಅದರಲ್ಲಿ ಇಂಗಾಲ ನೂರಕ್ಕೆ 0.4ರಷ್ಟು. ಅದನ್ನು 850ರಿಂದ 950 ಡಿಗ್ರಿಗೆ ಕಾಯಿಸಿದರೆ ಇಂಗಾಲ ಕಬ್ಬಿಣದ ಹರಳುಗಳ ಒಳಗೆ ಕರಗಿಹೋಗುತ್ತದೆ. ಆಗ ಥಟ್ಟನೆ ತಣ್ಣಗಾಗಿಸಿದರೆ ಇಂಗಾಲಕ್ಕೆ ಹೊರಬರಲು ಹೊತ್ತು ಸಿಗುವುದಿಲ್ಲ. ಸಿಕ್ಕಿಹಾಕಿಕೊಂಡು ಹರಳನ್ನೇ ಎಳೆದು ಬಿಗಿಯುತ್ತದೆ. ಮಾರ್ಟೆನ್ಸೈಟ್ ಎನ್ನುವುದು ಅದಕ್ಕೆ. ರಾಕ್‌ವೆಲ್ ಅಳತೆಯಲ್ಲಿ 55ರಿಂದ 60, ಫೈಲು ಉಜ್ಜಿದರೆ ಜಾರಿಹೋಗುತ್ತದೆ. ಈ ಪದರ ತುಸು ಹಿಗ್ಗಲು ನೋಡುತ್ತದೆ, ಒಳಗಿನ ಮೆದು ಉಕ್ಕು ಬಿಡುವುದಿಲ್ಲ. ಆ ಜಗ್ಗಾಟದಲ್ಲಿ ಮೇಲ್ಮೈ ಸದಾ ಒತ್ತಡದಲ್ಲಿರುತ್ತದೆ, ಬಿರುಕು ಬಾಯಿ ತೆರೆಯಲು ಕಷ್ಟ. ಇಂಡಕ್ಷನ್ ಮಾಡಿದ ಆಕ್ಸೆಲ್ ಹೆಚ್ಚು ಬಾಳಲು ಗಡುಸುತನದಷ್ಟೇ ಈ ಒತ್ತಡವೂ ಕಾರಣ.

ಹಳೆಯ ದಾರಿಯಲ್ಲಿ ಇಂಥ ಗಟ್ಟಿ ಸಿಪ್ಪೆ ಬೇಕಾದರೆ ಜಾಬ್‌ಗಳನ್ನು ಕುಲುಮೆಯಲ್ಲಿ 920 ಡಿಗ್ರಿಗೆ ಗಂಟೆಗಟ್ಟಲೆ ಇಟ್ಟು ಇಂಗಾಲ ಕುಡಿಸಬೇಕು. ಅದು ಇವತ್ತಿಗೂ ಬೇಕು, ಗಿಯರುಗಳಲ್ಲಿ ಬಹುಪಾಲು ಹಾಗೆಯೇ ಆಗುತ್ತದೆ. ಆದರೆ ಕ್ರ್ಯಾಂಕ್‌ಶಾಫ್ಟಿನ ಪಿನ್ನುಗಳನ್ನಷ್ಟೇ, ಒಂದೊಂದಕ್ಕೆ ಕೆಲವು ಸೆಕೆಂಡಿನಲ್ಲಿ ಗಡುಸು ಮಾಡುವ ದಾರಿಯನ್ನು 1930ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಓಹಾಯೋ ಕ್ರ್ಯಾಂಕ್‌ಶಾಫ್ಟ್ ಕಂಪನಿ ತೋರಿಸಿದ ಮೇಲೆ ವಾಹನೋದ್ಯಮ ಅದನ್ನು ಬಿಡಲಿಲ್ಲ.

ನಮ್ಮಲ್ಲಿ ಆಕ್ಸೆಲ್ಲನ್ನು ನಿಲ್ಲಿಸಿ, ತಿರುಗಿಸುತ್ತಾ, ಕಾಯಿಲ್ ಮೂಲಕ ನಿಧಾನವಾಗಿ ಇಳಿಸುತ್ತಾರೆ. ಕಾಯಿಲ್ ದಾಟಿದ ಕೆಂಪು ಪಟ್ಟಿಗೆ ಅದರ ಕೆಳಗೇ ಇರುವ ಶವರ್ ನೀರು ಹೊಡೆಯುತ್ತದೆ. ಬರೀ ನೀರು ಹೊಡೆದರೆ ಕೆಲವು ಉಕ್ಕು ಬಿರುಕು ಬಿಡುತ್ತವೆ, ಅದಕ್ಕೆ ನೂರಕ್ಕೆ ಐದರಿಂದ ಹದಿನೈದರಷ್ಟು ಪಾಲಿಮರ್ ಬೆರೆಸುತ್ತಾರೆ. ಹದ ಸರಿಯಿದೆಯೇ ನೋಡಲು ಒಂದು ಹನಿಯನ್ನು ಗಾಜಿನ ಮೇಲಿಟ್ಟು ಬೆಳಕಿಗೆ ಹಿಡಿಯುವ ಬ್ರಿಕ್ಸ್ ಮೀಟರು. ಮಂಡ್ಯದ ಕಡೆ ಕಬ್ಬಿನ ಹಾಲಿನ ಸಿಹಿ ನೋಡಲು ಬಳಸುವ ಉಪಕರಣವೇ. ಆಮೇಲೆ ತಡಮಾಡದೆ 150ರಿಂದ 200 ಡಿಗ್ರಿಯಲ್ಲಿ ಟೆಂಪರಿಂಗ್ ಮಾಡಿ ಉಕ್ಕಿನ ಸಿಡುಕು ಇಳಿಸಬೇಕು. ಮಾದರಿಗೆಂದು ಒಂದು ಶಾಫ್ಟನ್ನು ಅಡ್ಡ ಕೊಯ್ದು, ಪಾಲಿಷ್ ಮಾಡಿ, ನೈಟಾಲ್ ಎಂಬ ಆಮ್ಲದ ದ್ರಾವಣ ಸವರಿದರೆ ಗಡುಸು ಪದರ ಬೇರೆ ಬಣ್ಣದ ಉಂಗುರವಾಗಿ ಕಾಣುತ್ತದೆ. ನನ್ನ ಪರೀಕ್ಷೆಯ ಫಲಿತಾಂಶ ಅದೇ. ಉಂಗುರ ಒಂದು ಕಡೆ ದಪ್ಪ, ಒಂದು ಕಡೆ ತೆಳು ಬಂದರೆ ಫೋನು ನನಗೆ ಬರುತ್ತದೆ, ಮೆಷಿನ್ ಕಂಪನಿಗಲ್ಲ.

ಕಾಯಿಲ್ ಮಾಡುವುದು ಹೀಗೆ. ತಾಮ್ರದ ಕೊಳವೆಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತೇವೆ. ಉಕ್ಕಾದರೆ ಗಡುಸಾಗುತ್ತಿತ್ತು, ತಾಮ್ರ ಮೆತ್ತಗಾಗುತ್ತದೆ. ಒಳಗೆ ಒಣ ಮರಳು ಗಟ್ಟಿಯಾಗಿ ತುಂಬಿ ಎರಡು ತುದಿಗೂ ಮರದ ಬೆಣೆ ಬಡಿಯಬೇಕು, ಇಲ್ಲವಾದರೆ ಬಗ್ಗಿಸುವಾಗ ಕೊಳವೆ ಚಪ್ಪಟೆಯಾಗಿ ನೀರಿನ ದಾರಿ ಕಟ್ಟುತ್ತದೆ. ಅಚ್ಚಿನ ಸುತ್ತ ಬಗ್ಗಿಸಿ, ಮರಳು ಉದುರಿಸಿ, ಬೆಳ್ಳಿ ಬೆರೆತ ಬೆಸುಗೆಯಲ್ಲಿ ಜೋಡಿಸಿ, ಒತ್ತಡದ ನೀರು ಬಿಟ್ಟು ಸೋರುತ್ತದೆಯೇ ನೋಡಬೇಕು. ಶವರ್ ಕಾಯಿಲ್ ಆದರೆ ಒಳಮೈಯಲ್ಲಿ ಸಾಲುಸಾಲಾಗಿ ಓರೆ ತೂತು ಕೊರೆಯಬೇಕು. ಕೈಗೆ ಬರುವ ಕೆಲಸ ಇಷ್ಟೇ. ತಲೆಗೆ ಬರುವ ಕೆಲಸ ಬೇರೆ. ಕರೆಂಟು ಬರುವ, ಹೋಗುವ ಎರಡು ಕಾಲುಗಳು ಕಾಯಿಲ್ ಬಿಟ್ಟು ಹೊರಡುವ ಜಾಗದಲ್ಲಿ ಒಂದು ಸಂದು ಇರಲೇಬೇಕು. ಆ ಸಂದಿನ ಎದುರು ಕ್ಷೇತ್ರ ಸೊರಗುತ್ತದೆ, ಅಲ್ಲಿ ಉಕ್ಕು ಮೆದುವಾಗಿ ಉಳಿಯುತ್ತದೆ. ಜಾಬ್ ತಿರುಗಿಸುವುದು ಮುಖ್ಯವಾಗಿ ಇದಕ್ಕೆ. ಚೂಪು ಮೂಲೆ, ಕೀವೇ, ಎಣ್ಣೆಯ ತೂತಿನ ಅಂಚು ಇವುಗಳ ಸುತ್ತ ಕರೆಂಟು ಜಮಾಯಿಸಿ ಅತಿಯಾಗಿ ಕಾಯುತ್ತದೆ, ಅಲ್ಲೇ ಬಿರುಕು. ಒಳಮೂಲೆಗೆ ಬಿಸಿ ಹೋಗುವುದೇ ಇಲ್ಲ ಎನ್ನುತ್ತದೆ. ಕಾಯಿಲ್ಲಿನ ಬೆನ್ನಿಗೆ ಲ್ಯಾಮಿನೇಷನ್ ತಗಡು ಕೂರಿಸಿ ಕ್ಷೇತ್ರವನ್ನು ಆ ಕಡೆಗೆ ದೂಡಬೇಕು. ಈಗ ಇದನ್ನೆಲ್ಲ ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕಬಹುದು. ಲೆಕ್ಕ ಬಂದ ಮೇಲೂ ಅರ್ಧ ಮಿಲಿಮೀಟರ್ ಆ ಕಡೆ ಈ ಕಡೆ ತಟ್ಟುವ ಮರದ ಸುತ್ತಿಗೆಯನ್ನು ಯಾರೂ ಮೂಲೆಗಿಟ್ಟಿಲ್ಲ.

ಕಾಯಿಲ್‌ಗಳು ಸಾಯುವುದು ಹೆಚ್ಚಾಗಿ ಬೋರ್‌ವೆಲ್ ನೀರಿನಿಂದ. ಗಡಸು ನೀರು ಕೊಳವೆಯೊಳಗೆ ಸುಣ್ಣದ ಪದರ ಕಟ್ಟಿಸುತ್ತದೆ, ಪದರ ದಪ್ಪವಾದಂತೆ ತಾಮ್ರದ ಬಿಸಿ ನೀರಿಗೆ ಇಳಿಯುವುದಿಲ್ಲ. ಲವಣ ತೆಗೆದ ಡಿ.ಎಂ. ವಾಟರ್ ಹಾಕಿ ಎಂದರೆ ಖರ್ಚು ಎನ್ನುವ ಮಾಲೀಕರೇ ಮತ್ತೆ ಮತ್ತೆ ಹೊಸ ಕಾಯಿಲ್ ಮಾಡಿಸುತ್ತಾರೆ. ನನಗೆ ಇದರಲ್ಲಿ ಲಾಭವೇ, ಆದರೂ ಹೇಳುತ್ತೇನೆ.

ಬೆಳಗಾವಿಯ ಉದ್ಯಮಬಾಗ್ ಅಥವಾ ಶಿವಮೊಗ್ಗದ ಫೌಂಡ್ರಿಗಳಲ್ಲಿ ಇದೇ ಕಾಯಿಲ್ ಬೇರೆ ಅವತಾರದಲ್ಲಿದೆ. ದಪ್ಪ ತಾಮ್ರದ ಸುರುಳಿ, ಅದರೊಳಗೆ ಸಿಲಿಕಾ ಪುಡಿಯನ್ನು ಕುಟ್ಟಿ ಕಾಯಿಸಿ ಗಟ್ಟಿ ಮಾಡಿದ ಮೂಸೆ, ಮೂಸೆಯೊಳಗೆ ಸುಮಾರು 1,450 ಡಿಗ್ರಿಯ ದ್ರವ ಕಬ್ಬಿಣ. ಕೋಕ್ ಉರಿಸುವ ಕ್ಯೂಪೋಲಾಗಳ ಜಾಗಕ್ಕೆ ಇವು ಬಂದಿವೆ. ಕರಗಿದ ಕಬ್ಬಿಣ ಒಳಗೆ ಸುಮ್ಮನಿರುವುದಿಲ್ಲ. ಕಾಂತಬಲ ಅದನ್ನು ನಡುವಿಗೆ ತಳ್ಳಿ ಗುಡ್ಡದಂತೆ ಉಬ್ಬಿಸಿ ಉರುಳಿಸುತ್ತಿರುತ್ತದೆ. ಹಾಕಿದ ಸಿಲಿಕಾನ್, ಮ್ಯಾಂಗನೀಸು ಯಾರೂ ಕಲಕದೆ ಬೆರೆಯುತ್ತವೆ. ಚೊಕ್ಕ ಕೆಲಸ, ಒಂದು ಭಯ ಬಿಟ್ಟರೆ. ಮೂಸೆಯ ಗೋಡೆ ಸವೆದು ದ್ರವ ಕಬ್ಬಿಣ ಕಾಯಿಲ್ ಮುಟ್ಟಿದರೆ ಒಳಗಿನ ನೀರು ಕ್ಷಣದಲ್ಲಿ ಆವಿಯಾಗಿ ಸಿಡಿಯುತ್ತದೆ. ಅದಕ್ಕಾಗಿಯೇ ಸೋರಿಕೆ ಪತ್ತೆ ಹಚ್ಚಿ ಕರೆಂಟು ಕಡಿಯುವ ಸಾಧನವಿದೆ. ಅದರ ದೀಪ ಪದೇ ಪದೇ ಹತ್ತುತ್ತದೆಂದು ತಂತಿ ಕಿತ್ತಿಡುವವರ ಫೌಂಡ್ರಿಗೆ ನಾನು ಕಾಲಿಡುವುದಿಲ್ಲ. ಮಳೆಗಾಲದಲ್ಲಿ ನೆಂದ ಗುಜರಿ ಹಾಕುವುದೂ ಅಷ್ಟೇ ಅಪಾಯ.

ಅಪಾಯದ ಮಾತು ಬಂದದ್ದರಿಂದ ಬೆರಳಿನ ಉಂಗುರದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಓಡುತ್ತಿರುವ ಕಾಯಿಲ್ ಹತ್ತಿರ ಚಿನ್ನದ ಉಂಗುರ, ಕಡಗ, ಬಳೆ ಹಾಕಿಕೊಂಡು ಕೈ ಚಾಚಬಾರದು. ಅವು ಮುಚ್ಚಿದ ದಾರಿ, ಕರೆಂಟು ಹುಟ್ಟಲು ಹೇಳಿ ಮಾಡಿಸಿದ ಆಕಾರ. ಪೇಸ್‌ಮೇಕರ್ ಇರುವವರು ಶೆಡ್ಡಿನ ಹೊರಗೇ ಕೂರುವುದು ಒಳ್ಳೆಯದು.

ಕಾರ್ಖಾನೆ ನೋಡದವರೂ ಇಂಡಕ್ಷನ್ನಿನ ಫಲ ಉಣ್ಣುತ್ತಿದ್ದಾರೆ. ಎಂಜಿನ್ ಆಯಿಲ್ ಡಬ್ಬದ ಮುಚ್ಚಳ ಬಿಚ್ಚಿದರೆ ಒಳಗೆ ಬಾಯಿಗೆ ಅಂಟಿಸಿದ ಅಲ್ಯುಮಿನಿಯಂ ಹಾಳೆ ಇರುತ್ತದಲ್ಲ, ಅದು ಅಂಟಿದ್ದು ಮುಚ್ಚಳ ಹಾಕಿದ ಮೇಲೆ. ಡಬ್ಬ ಕನ್ವೇಯರಿನಲ್ಲಿ ಕಾಯಿಲ್ ಕೆಳಗೆ ಹಾದುಹೋಗುವಾಗ ಪ್ಲಾಸ್ಟಿಕ್ಕಿನ ಮುಚ್ಚಳಕ್ಕೆ ಏನೂ ಆಗದೆ ಒಳಗಿನ ಹಾಳೆಯಷ್ಟೇ ಕಾದು, ಅದರಡಿಯ ಪದರ ಕರಗಿ ಅಂಟುತ್ತದೆ. ಬೇರಿಂಗನ್ನು ಶಾಫ್ಟಿಗೆ ಏರಿಸಲು 110 ಡಿಗ್ರಿಗೆ ಕಾಯಿಸಿ ಹಿಗ್ಗಿಸುವುದು, ಲೇತ್ ಟೂಲಿಗೆ ಕಾರ್ಬೈಡ್ ತುದಿ ಬೆಸೆಯುವುದು, ಉಕ್ಕಿನ ಪೈಪಿನ ಹೊಲಿಗೆ, ಅಕ್ಕಸಾಲಿಗರು ಗ್ರಾಫೈಟ್ ಮೂಸೆಯಲ್ಲಿ ಚಿನ್ನ ಕರಗಿಸುವುದು, ಎಲ್ಲ ಇದರಲ್ಲೇ. ಸಿಲಿಕಾನಿನ ಕಂಬಿಯನ್ನು ಯಾವ ಪಾತ್ರೆಗೂ ತಾಗಿಸದೆ, ನಡುವೆ ಒಂದು ಸಣ್ಣ ಪಟ್ಟಿಯನ್ನಷ್ಟೇ ಕಾಯಿಲ್ಲಿನಿಂದ ಕರಗಿಸುತ್ತಾ ಹೋಗಿ ಅತಿ ಶುದ್ಧ ಹರಳು ಬೆಳೆಸುವ ವಿಧಾನವೊಂದಿದೆ. ದೊಡ್ಡ ಶಕ್ತಿಯ ಐ.ಜಿ.ಬಿ.ಟಿ.ಗಳು ತಯಾರಾಗುವುದು ಅಂಥ ಹರಳಿನಿಂದ. ಅವೇ ಬಂದು ನಮ್ಮ ಪ್ಯಾನೆಲ್ಲಿನಲ್ಲಿ ಕೂತು ಮತ್ತೊಂದು ಕಾಯಿಲ್ ಓಡಿಸುತ್ತವೆ.

ಅಡುಗೆಮನೆಯ ಇಂಡಕ್ಷನ್ ಒಲೆಯ ಗಾಜಿನ ಕೆಳಗೆ ಇರುವುದೂ ಕಾಯಿಲ್ಲೇ, ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿದ್ದು. ಅಲ್ಲಿ ನೀರಿಲ್ಲ, ಫ್ಯಾನು ಅಷ್ಟೆ. ಕರೆಂಟು ಮೇಲ್ಮೈಯಲ್ಲಷ್ಟೇ ಹರಿಯುವುದರಿಂದ ದಪ್ಪ ತಂತಿಯ ಬದಲು ಕೂದಲಿನಂಥ ಎಳೆಗಳನ್ನು ಒಂದಕ್ಕೊಂದು ತಾಗದ ಹಾಗೆ ಹೊಸೆದಿರುತ್ತಾರೆ, ಒಟ್ಟು ಮೇಲ್ಮೈ ಹೆಚ್ಚಲಿ ಎಂದು. ಆವರ್ತನ 20,000ದ ಮೇಲೆ; ಅದಕ್ಕಿಂತ ಕಡಿಮೆಯಾದರೆ ಸಾರು ಕುದಿಯುವವರೆಗೂ ಸಿಳ್ಳೆ ಕೇಳಬೇಕಾಗುತ್ತಿತ್ತು. ನಮ್ಮ ಮನೆಯವಳ ಅಲ್ಯುಮಿನಿಯಂ ಕುಕ್ಕರ್ ಅದರ ಮೇಲೆ ಕಾಯುವುದಿಲ್ಲ. ಅಲ್ಯುಮಿನಿಯಂ ಕಾಂತಕ್ಕೆ ಅಂಟುವುದಿಲ್ಲ, ಅದರ ತಡೆಯೂ ತೀರಾ ಕಡಿಮೆ. ಕರೆಂಟು ಹುಟ್ಟಿದರೂ ಸಲೀಸಾಗಿ ಸುತ್ತಿಬಿಡುತ್ತದೆ, ಬಿಸಿ ಸಾಲದು. ಆಯಿಲ್ ಡಬ್ಬದ ಹಾಳೆ ಅದೇ ಲೋಹವಾದರೂ ಕಾಯುವುದು ಅದು ಅಷ್ಟು ತೆಳ್ಳಗಿರುವುದರಿಂದ: ದಾರಿ ಇಕ್ಕಟ್ಟಾದರೆ ತಡೆ ಹೆಚ್ಚು.

ಈಚೆಗೆ ನನ್ನ ತಲೆ ತಿನ್ನುತ್ತಿರುವುದೂ ಅಲ್ಯುಮಿನಿಯಮ್ಮೇ. ಕಾರಣ ಬ್ಯಾಟರಿ ಗಾಡಿ. ಅದರಲ್ಲಿ ಕ್ರ್ಯಾಂಕ್‌ಶಾಫ್ಟ್ ಇಲ್ಲ. ನಮ್ಮ ಕಡೆಯವರು ಇದರ ಬಗ್ಗೆ ಬಾಯಿಬಿಟ್ಟು ಮಾತಾಡುವುದಿಲ್ಲ, ಆದರೆ ಕ್ರ್ಯಾಂಕ್‌ಶಾಫ್ಟ್ ಕಾಯಿಲ್ ನೆಚ್ಚಿಕೊಂಡವರಿಗೆ ಮುಂದೆ ಕಷ್ಟವಿದೆ ಎಂದೇ ನನ್ನ ಎಣಿಕೆ. ಆ ಗಾಡಿಯ ಮೋಟಾರಿಗೆ ಅಲ್ಯುಮಿನಿಯಂ ಹೌಸಿಂಗ್ ಇದೆ. ಅದನ್ನು ಕಾಯಿಸಿ ಹಿಗ್ಗಿಸಿ, ಒಳಗೆ ಮೋಟಾರಿನ ತಿರುಗದ ಭಾಗವಾದ ತಣ್ಣನೆಯ ಉಕ್ಕಿನ ಸ್ಟೇಟರ್ ಇಳಿಸಿ, ಆರಲು ಬಿಟ್ಟರೆ ಬಿಗಿಯಾಗಿ ಹಿಡಿಯುತ್ತದೆ. ಅದೇ ಬಿಸಿಗೆ ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದು ಇಲ್ಲಿ ಅನುಕೂಲ. ಮನೆಯ ಒಲೆ ಬೇಡವೆಂದ ಲೋಹವನ್ನೂ ತಕ್ಕ ಆವರ್ತನ, ಸಾಕಷ್ಟು ಶಕ್ತಿ, ಮೈಗೆ ಹತ್ತಿರ ಕೂರುವ ಕಾಯಿಲ್ ಕೊಟ್ಟರೆ ಕಾಯಿಸಬಹುದು. ತೊಂದರೆ ಇರುವುದು ಹೌಸಿಂಗಿನ ಗೋಡೆಯಲ್ಲಿ. ತಂಪಿನ ನೀರು ಹರಿಯುವ ದಾರಿ ಕೊರೆದ ಕಡೆ ಅದು ದಪ್ಪ, ಉಳಿದ ಕಡೆ ತೆಳು. ಒಂದೇ ಸಮನೆ ಸುತ್ತಿದರೆ ತೆಳುವಾದ ಕಡೆ ಮೊದಲು ಹಿಗ್ಗಿ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಸ್ಟೇಟರ್ ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ದಪ್ಪದ ಕಡೆ ಸುತ್ತುಗಳನ್ನು ಹತ್ತಿರ ತರುವುದೋ, ತೆಳುವಿನ ಕಡೆ ಅಂತರ ಬಿಡುವುದೋ, ಇಲ್ಲ ಒಳಗಿನಿಂದಲೇ ಕಾಯಿಸುವುದೋ ಎಂದು ನಾನೂ ಆ ಮೋಟಾರು ಮಾಡುವ ಕಾರ್ಖಾನೆಯ ಎಂಜಿನಿಯರ್ ಹುಡುಗಿಯೂ ವಾದ ಮಾಡುತ್ತಿದ್ದೇವೆ. ಅವಳದು ಒಳಗಿನ ಕಾಯಿಲ್, ನನ್ನದು ಹೊರಗಿನದು. ಎರಡಕ್ಕೂ ಸಾಲುವಷ್ಟು ಹತ್ತು ಮಿಲಿಮೀಟರ್ ಕೊಳವೆ ತರಿಸಿಟ್ಟಿದ್ದೇನೆ.